ಮೇಲ್ವಿಚಾರಣೆಯ ರೀತಿಯೂ ಶುಶ್ರೂಷಕಿಯರ ಕೃತಾರ್ಥತೆಯೂ

೧

ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆ ೧೮೫೯ರಲ್ಲಿ ಬರೆದ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಗ್ರಂಥವು ಗಾತ್ರದಲ್ಲಿ ಅಲ್ಪವಾದುದು. ಹದಿಮೂರು ಅಧ್ಯಾಯಗಳು, ಕೊನೆಗೊಂದು ಉಪಸಂಹಾರ, ಇಷ್ಟೆ. ಗಾಳಿ, ಬೆಳಕು, ಆಹಾರ, ಹಾಸಿಗೆ, ಸದ್ದು ಮೊದಲಾದ ವಿಷಯಗಳೇ ಅದರ ತುಂಬ. ಇವುಗಳ ನಡುವೆ ಮೂರನೆಯ ಅಧ್ಯಾಯವೊಂದು ಮಾತ್ರ ಬೇರೆ ಜಾತಿಯದು. ‘ಪೆಟಿ ಮ್ಯಾನೇಜ್‌ಮೆಂಟ್’ ಎಂಬುದು ಅದರ ಹೆಸರು; ಸಣ್ಣ ಕೆಲಸಗಳ ನಿರ್ವಾಹ ಎಂದು ಕನ್ನಡಿಸಬಹುದು. ರೋಗಿಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರಿಂದ ಕೆಲಸವನ್ನು ಹೇಗೆ ನಡೆಸಬೇಕು ಎಂಬುದೇ ಅಲ್ಲಿನ ವಿಚಾರ.

ಆಸ್ಪತ್ರೆಯ ಮೇಲ್ವಿಚಾರಕಿಯರ ನಾಯಕತ್ವದ ಶೈಲಿಯಿಂದ ಶುಶ್ರೂಷಕಿಯರ ವೃತ್ತಿತೃಪ್ತಿಯು ಹೇಗೆ ಹೆಚ್ಚುಕಡಿಮೆಯಾಗುತ್ತದೆಂಬುದನ್ನು ಕುರಿತು ಈಚಿನ ಕೆಲವು ದಶಕಗಳಲ್ಲಿ ನಾನಾ ದೇಶಗಳ ಪಂಡಿತರು ಹೇರಳವಾಗಿ ಬರೆದಿದ್ದಾರೆ. ಅವುಗಳಲ್ಲಿ ಬಹುಮಟ್ಟಿನವು ಪ್ರಶ್ನಾವಳಿಯಿಂದ ಹೊರಟು ಅಂಕಿಗಳಲ್ಲಿ ಮುಗಿಯುವ ಬರಹಗಳು. ಅವುಗಳ ಬೆಲೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಬರಹಗಳ ಬೆನ್ನೆಲುಬಾಗಿರುವ ‘ಶೈಲಿ’, ‘ತೃಪ್ತಿ’ ಎಂಬ ಎರಡು ಮಾತುಗಳೂ ಸಾಹಿತ್ಯವಿಮರ್ಶಕರಿಗೆ ಹಳೆಯ ಪರಿಚಯದವು. ರೀತಿಯೆಂದರೇನು, ರಸಿಕನ ಮನಸ್ಸು ತಣಿಯುವುದೆಂದರೇನು ಎಂಬುದನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳಷ್ಟು ಹಿಂದೆಯೇ ತೂಗಿನೋಡಿದ್ದಾರೆ. ಆ ತಕ್ಕಡಿಯನ್ನು ಇಲ್ಲಿಯೂ ಹಿಡಿಯಬಹುದೇ ಎಂಬುದು ಈ ಲೇಖನದ ಪ್ರಶ್ನೆ. ನೈಟಿಂಗೇಲಳ ಅಧ್ಯಾಯವನ್ನು ಮುಖ್ಯವಾಗಿ ಎದುರಿಗಿಟ್ಟುಕೊಂಡು, ಇತರ ಕೃತಿಗಳನ್ನು ಬೇಕಾದಷ್ಟು ಮಾತ್ರ ಕರೆದುಕೊಂಡಿದ್ದೇವೆ.

೨

ಅಧ್ಯಾಯದ ಪ್ರತಿಜ್ಞೆ ಮೊದಲಲ್ಲಿಯೇ ಬರುತ್ತದೆ. ಉಳಿದೆಲ್ಲ ಉಪಚಾರಗಳೂ ಸರಿಯಾಗಿದ್ದರೂ ಒಂದು ಕೊರತೆಯಿಂದ ಅವು ಮಣ್ಣುಗೂಡಬಹುದೆಂದು ಆಕೆಯ ಮತ. ತನ್ನ ಕಣ್ಣೆದುರಿನಲ್ಲಿ ನಡೆಯುವ ಕೆಲಸವು ತನ್ನ ಬೆನ್ನ ಹಿಂದೆಯೂ ನಡೆಯುವಂತೆ ಏರ್ಪಾಡು ಮಾಡಲು ಬಾರದಿರುವುದೇ ಆ ಕೊರತೆ. ಎಷ್ಟೇ ಪ್ರೀತಿಯುಳ್ಳ ಶುಶ್ರೂಷಕಿಯಾದರೂ ಹಗಲಿರುಳೂ ಹಾಸಿಗೆಯ ಬಳಿಯಲ್ಲಿರಲಾರಳು. ಇರಬೇಕೆಂದು ಬಯಸುವುದೂ ಸರಿಯಲ್ಲ. ಹೀಗಿರಲು, ಈ ಕೆಲಸವನ್ನು ನಾನು ಯಾವಾಗಲೂ ಹೇಗೆ ಮಾಡಲಿ ಎಂದು ಕೇಳಿಕೊಳ್ಳುವವಳಿಗಿಂತ, ಇದು ಯಾವಾಗಲೂ ನಡೆಯಲು ಏನು ಮಾಡಿಡಲಿ ಎಂದು ಕೇಳಿಕೊಳ್ಳುವವಳೇ ಹೊಣೆಯನ್ನು ಅರಿತವಳು.

ಈ ತತ್ತ್ವವನ್ನು ನಾಟಿಸಲು ಗ್ರಂಥಕರ್ತ್ರಿ ಆರಿಸಿಕೊಂಡಿರುವ ನಿದರ್ಶನಗಳು ಬಹು ಸಾಮಾನ್ಯವಾದುವು. ಬಟ್ಟೆ ಒಗೆಯುವವಳು ರಾತ್ರಿ ಹೊತ್ತುಮೀರಿ ಬಂದು, ದಾರಿತಪ್ಪಿ ರೋಗಿಯ ಕೋಣೆಗೇ ನುಗ್ಗುತ್ತಾಳೆ. ಆಗತಾನೆ ಹತ್ತಿದ್ದ ಜೊಂಪು ಹಾರಿಹೋಗುತ್ತದೆ. ಬಂದ ಕಾಗದವು ಕೈಸೇರುವುದಿಲ್ಲ. ನೋಡಬೇಕಾಗಿದ್ದವರು ಬಾಗಿಲಿನಿಂದಲೇ ಹಿಂತಿರುಗುತ್ತಾರೆ. ಇವುಗಳಲ್ಲಿ ದುಷ್ಟರು ಒಬ್ಬರೂ ಇಲ್ಲ, ಸೋಮಾರಿಗಳೂ ಇಲ್ಲ. ಕೆಲಸವೊಂದು ಇಬ್ಬರ ನಡುವಣ ಸಂದಿನಲ್ಲಿ ಬಿದ್ದುಹೋಗಿದೆ, ಅಷ್ಟೆ. ಯುದ್ಧಕಾಲದಲ್ಲಿ, ೧೮೫೪ರ ನವೆಂಬರಿನಲ್ಲಿ, ಮೂವತ್ತೆಂಟು ಮಂದಿ ಸ್ತ್ರೀಯರನ್ನು ಕರೆದುಕೊಂಡು ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋಗಿ, ಸಹಸ್ರಾರು ಗಾಯಾಳುಗಳನ್ನು ಕಂಡುಬಂದಿದ್ದವಳು ಒಂದು ಕಾಗದ, ಒಂದು ಬಾಗಿಲು, ಒಂದು ಜೊಂಪು ಇವುಗಳ ವಿಷಯವಾಗಿ ಇಷ್ಟು ನಿಷ್ಠುರಳಾಗಿರುವುದು ಗಮನಾರ್ಹ. ವೀರರಸಕ್ಕೆ ಅವಕಾಶವಿದ್ದೂ ಅದನ್ನು ತೊರೆದಿರುವುದೇ ಈ ಗದ್ಯದ ಬಲ.

ಎರಡನೆಯ ಗುಣ ವ್ಯಂಗ್ಯ. ಆಕೆ ಒಂದು ಹಡಗಿನ ದುರಂತವನ್ನೂ, ಅದರ ವಿಚಾರಣೆ ನಡೆಸಿದ ತೀರ್ಪುಗಾರರನ್ನೂ ನೆನೆಯುತ್ತಾಳೆ. ಹಡಗಿನ ಕ್ಷೇಮವು ಒಂದು ನಲ್ಲಿಯ ವಶದಲ್ಲಿತ್ತೆಂದು ಅವರು ಭಾವಿಸಿದಂತಿದೆಯೆಂದು ಕೊಂಕಾಡಿ, ಹಾಗೆಯೇ ಗೃಹಿಣಿಯರು ಮನೆಯು ತನ್ನ ಹೊಣೆಯನ್ನು ತಾನೇ ಹೊತ್ತಿದೆಯೆಂದು ತಿಳಿದಿದ್ದಾರೆಂದು ಮುಂದುವರಿಯುತ್ತಾಳೆ. ಒಳ್ಳೆಯ ಆಳುಗಳೇ ಸಿಕ್ಕುವುದಿಲ್ಲವೆಂಬುದು ಆ ಕಾಲದ ಒಡತಿಯರ ಗೋಳು. ಆಕೆ ಆ ದೂರನ್ನು ಹಿಂತಿರುಗಿಸಿ ಒಡತಿಯರ ತಲೆಗೇ ಕಟ್ಟುತ್ತಾಳೆ. ಆಜ್ಞೆ ಕೊಡುವುದೂ ಒಂದು ವಿದ್ಯೆ. ಅದನ್ನು ತಿಳಿದು ನಡೆಸುವಂತೆ ಕಲಿಸುವುದು ಇನ್ನೂ ದೊಡ್ಡ ವಿದ್ಯೆ. ಶಿಸ್ತೆಂಬ ಪದಕ್ಕೆ ಅವಳು ಕೊಡುವ ಅರ್ಥ ಬುದ್ಧಿಪೂರ್ವಕವಾದ ವಿಧೇಯತೆಯೆಂದು.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಅಧ್ಯಾಯದ ಶಿಖರವಾದುದು, ಅಹಂಕಾರದ ನಿದಾನ. ತಾವಿಲ್ಲದಿದ್ದರೆ ಎಲ್ಲವೂ ನಿಂತುಹೋಗುತ್ತದೆಂದು ಒಳಗೊಳಗೇ ಹಿಗ್ಗುವ ಅಧಿಕಾರಿಗಳುಂಟು. ತಮ್ಮ ಉಗ್ರಾಣ, ತಮ್ಮ ಲೆಕ್ಕದ ಪುಸ್ತಕ, ತಮ್ಮ ಪದ್ಧತಿ ಇನ್ನೊಬ್ಬರಿಗೆ ಅರ್ಥವಾಗದೆಂಬುದೇ ಅವರಿಗೆ ಹೆಮ್ಮೆ. ನೈಟಿಂಗೇಲಳ ಲೆಕ್ಕದಲ್ಲಿ ಹೆಮ್ಮೆಪಡತಕ್ಕದ್ದು ಇದಕ್ಕೆ ವಿರುದ್ಧವಾದುದು: ಯಾರು ಬಂದರೂ ತಿಳಿದುಕೊಂಡು ಮುಂದುವರಿಸುವಂತೆ ಕೆಲಸವನ್ನು ಇಟ್ಟಿರುವುದು. ಮೇಲ್ವಿಚಾರಣೆಯ ಉತ್ಕರ್ಷವನ್ನು ಮೇಲ್ವಿಚಾರಕಿಯ ಗೈರುಹಾಜರಿಯಿಂದ ಅಳೆಯಬೇಕೆಂಬುದು ಇದರ ತಾತ್ಪರ್ಯ. ಈ ಅಳತೆಗೋಲನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

೩

ನಾಯಕತ್ವದ ಶೈಲಿಗಳೆಂದು ಇಂದು ಪಾಠ ಹೇಳುವ ವಿಭಾಗಗಳಲ್ಲಿ ಬಹಳ ಪ್ರಸಿದ್ಧವಾದುದು ಮೂರು ಬಗೆಯದು: ಏಕಾಧಿಪತ್ಯ, ಪ್ರಜಾತಂತ್ರ, ಕೈಬಿಟ್ಟ ಸ್ವಾತಂತ್ರ್ಯ. ಇದು ಆಸ್ಪತ್ರೆಯಲ್ಲಿ ಹುಟ್ಟಿದುದಲ್ಲ. ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಮೂವರು ಅಮೆರಿಕದ ಅಯೋವದಲ್ಲಿ ಹತ್ತುವರ್ಷ ವಯಸ್ಸಿನ ಹುಡುಗರ ಕೂಟಗಳನ್ನು ಏರ್ಪಡಿಸಿ, ಮುಖವಾಡ ಮಾಡುವುದೇ ಮೊದಲಾದ ಕೈಗೆಲಸಗಳನ್ನು ಕೊಟ್ಟು, ಮುಂದಾಳಿನ ನಡವಳಿಕೆಯನ್ನು ಬದಲಾಯಿಸುತ್ತ ನೋಡಿ, ೧೯೩೯ರಲ್ಲಿ ಪ್ರಕಟಿಸಿದ ಶೋಧನೆಯಿಂದ ಬಂದುದು. ಬಿಡುವಿನ ವೇಳೆಯ ಮಕ್ಕಳಾಟದಿಂದ ಪಡೆದ ಹೆಸರುಗಳನ್ನು ಸಾವುಬದುಕಿನ ವಾರ್ಡಿಗೆ ಸಾಗಿಸುವಾಗ ಎಚ್ಚರಿಕೆ ಬೇಕು. ಆದರೂ ಆ ಪ್ರಯೋಗಗಳಲ್ಲಿ ಒಂದು ಸಂಗತಿ ನಮ್ಮ ಅಧ್ಯಾಯದೊಡನೆ ಆಶ್ಚರ್ಯವಾಗುವಂತೆ ಹೊಂದುತ್ತದೆ. ಮುಂದಾಳು ಕೋಣೆಯಿಂದ ಹೊರಕ್ಕೆ ಹೋದಾಗ ಏಕಾಧಿಪತ್ಯದ ಕೂಟದಲ್ಲಿ ಕೆಲಸ ಬಿದ್ದುಹೋಯಿತು. ಪ್ರಜಾತಂತ್ರದ ಕೂಟದಲ್ಲಿ ಹೆಚ್ಚು ಕಡಿಮೆ ಹಾಗೆಯೇ ನಡೆಯಿತು. ಎಂಬತ್ತು ವರ್ಷಗಳ ಹಿಂದೆ ನೈಟಿಂಗೇಲಳು ಹಾಕಿಕೊಟ್ಟ ಪರೀಕ್ಷೆಯೇ ಇಲ್ಲಿ ನಡೆದಂತಾಯಿತು.

ಅನಂತರ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ೧೯೭೮ರಲ್ಲಿ ರಾಜಕೀಯ ನಾಯಕರನ್ನು ಕುರಿತು ಬರೆಯುತ್ತ ಪರಿವರ್ತಕ ನಾಯಕತ್ವ, ವಿನಿಮಯದ ನಾಯಕತ್ವ ಎಂದು ಎರಡು ಬಗೆಮಾಡಿದನು. ಬರ್ನಾರ್ಡ್ ಬ್ಯಾಸ್ ೧೯೮೫ರಲ್ಲಿ ಅದನ್ನು ಉದ್ಯೋಗಸಂಸ್ಥೆಗಳಿಗೆ ಅಳವಡಿಸಿದನು. ಅಳೆಯಲು ಪ್ರಶ್ನಾವಳಿಯೂ ಸಿದ್ಧವಾಯಿತು. ಶುಶ್ರೂಷಕಿಯರ ಮೇಲಣ ಅಧ್ಯಯನಗಳು ಬಹುವಾಗಿ ಈ ದಾರಿಯನ್ನೇ ಹಿಡಿದಿವೆ. ಪರಿವರ್ತಕ ರೀತಿಯ ಮೇಲ್ವಿಚಾರಕಿಯಿದ್ದಲ್ಲಿ ತೃಪ್ತಿ ಹೆಚ್ಚು ಎಂಬುದು ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಫಲಿತಾಂಶ. ಇದು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಮೇಲಿನವಳ ಗುಣವನ್ನೂ ತನ್ನ ತೃಪ್ತಿಯನ್ನೂ ಒಬ್ಬಳೇ ಶುಶ್ರೂಷಕಿ, ಒಂದೇ ಹಾಳೆಯಲ್ಲಿ, ಒಂದೇ ಗಳಿಗೆಯಲ್ಲಿ ಗುರುತುಹಾಕಿದಾಗ ಯಾವುದು ಕಾರಣ, ಯಾವುದು ಕಾರ್ಯ ಎಂದು ವಿಂಗಡಿಸುವುದು ಕಷ್ಟ. ಮನಸ್ಸು ನೆಮ್ಮದಿಯಾಗಿದ್ದವಳಿಗೆ ಒಡತಿಯೂ ಒಳ್ಳೆಯವಳಾಗಿ ಕಾಣುವುದು ಲೋಕಸಹಜ. ಕಾವ್ಯವನ್ನೂ ಕವಿಯ ಶೀಲವನ್ನೂ ಒಂದೇ ಉಸಿರಿನಲ್ಲಿ ಹೊಗಳಿದ ವಾಚಕನ ಮಾತಿನಿಂದ, ಶೀಲದಿಂದಲೇ ಕಾವ್ಯ ಹುಟ್ಟಿತೆಂದು ಸಾಧಿಸಿದಂತಾಗುವುದಿಲ್ಲವಷ್ಟೆ.

ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ಇತಿಹಾಸವನ್ನು ಸ್ಮರಿಸಬಹುದು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥವಾದ ಕವಿರಾಜಮಾರ್ಗವು ದಕ್ಷಿಣ, ಉತ್ತರವೆಂಬ ಎರಡು ಮಾರ್ಗಗಳನ್ನು ವಿವರಿಸುತ್ತದೆ. ವಾಮನನು ರೀತಿಗೇ ಕಾವ್ಯದ ಆತ್ಮಪದವಿಯನ್ನು ಕೊಟ್ಟನು. ವಿಚಾರವು ಅಲ್ಲಿಗೆ ನಿಲ್ಲಲಿಲ್ಲ. ಆನಂದವರ್ಧನನು ರಸಭಂಗದ ಮೂಲವನ್ನು ಅನೌಚಿತ್ಯದಲ್ಲಿ ಕಂಡನು. ಹನ್ನೊಂದನೆಯ ಶತಮಾನದಲ್ಲಿ ಕ್ಷೇಮೇಂದ್ರನು ಔಚಿತ್ಯಕ್ಕಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟನು. ರೀತಿಯಲ್ಲಿ ತಾನಾಗಿ ಮೇಲುಕೀಳುಗಳಿಲ್ಲ, ಇರುವುದು ಹೊಂದುವಿಕೆ ಹೊಂದದಿರುವಿಕೆ ಎಂಬ ತಿಳಿವಳಿಕೆಗೆ ಈ ವಿಚಾರ ನಮ್ಮನ್ನು ತಂದು ನಿಲ್ಲಿಸುತ್ತದೆ.

ಮೇಲ್ವಿಚಾರಣೆಗೂ ಇದೇ ನ್ಯಾಯ. ನಡುರಾತ್ರಿಯಲ್ಲಿ ರೋಗಿಯೊಬ್ಬನ ಉಸಿರು ನಿಂತಾಗ ಸಭೆ ಸೇರಿಸಿ ಅಭಿಪ್ರಾಯ ಕೇಳುವ ಮೇಲ್ವಿಚಾರಕಿ ಪ್ರಜಾತಂತ್ರದವಳಲ್ಲ, ಅಪಾಯದವಳು. ಆಗ ಬೇಕಾದುದು ಚಿಕ್ಕದಾದ, ಸ್ಪಷ್ಟವಾದ ಆಜ್ಞೆ. ಅದೇ ಧಾಟಿಯಲ್ಲಿ ಬರುವ ತಿಂಗಳ ರಾತ್ರಿಪಾಳಿಯ ಪಟ್ಟಿಯನ್ನು ಯಾರನ್ನೂ ಕೇಳದೆ ಗೋಡೆಗೆ ಅಂಟಿಸಿದರೆ, ಮನೆಯಲ್ಲಿ ಹಾಲುಗೂಸಿರುವವಳಿಗೂ ಮರುದಿನ ಪರೀಕ್ಷೆಗೆ ಕೂಡಬೇಕಾದವಳಿಗೂ ಅದು ಅನ್ಯಾಯವಾಗುತ್ತದೆ. ಒಂದೇ ಆಜ್ಞಾಸ್ವರ, ಒಂದೆಡೆ ಗುಣ, ಇನ್ನೊಂದೆಡೆ ದೋಷ. ಶೈಲಿಯ ಹೆಸರನ್ನು ಮಾತ್ರ ಗುರುತುಹಾಕುವ ಪ್ರಶ್ನಾವಳಿಗೆ ಈ ಭೇದವು ಸಿಕ್ಕುವುದು ದುರ್ಲಭ.

೪

ಇನ್ನು ‘ತೃಪ್ತಿ’. ನಮ್ಮ ಬಳಕೆಯಲ್ಲಿ ತೃಪ್ತಿಯೆಂದರೆ ಮೊದಲು ಊಟದ ತೃಪ್ತಿ, ಸಾಕೆನಿಸುವುದು. ಶುಶ್ರೂಷಕಿಗೆ ತನ್ನ ಕೆಲಸದಿಂದ ದೊರೆಯಬೇಕಾದುದು ಸಾಕೆನಿಸುವ ಭಾವವಲ್ಲವೆಂಬುದು ಸ್ಪಷ್ಟ. ಫ್ರೆಡರಿಕ್ ಹರ್ಸ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞನು ಇಬ್ಬರು ಸಹೋದ್ಯೋಗಿಗಳೊಡನೆ ೧೯೫೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸೂಕ್ಷ್ಮವನ್ನು ಎತ್ತಿದ್ದಾನೆ. ಪಿಟ್ಸ್‌ಬರ್ಗ್ ಪ್ರಾಂತದ ಸುಮಾರು ಇನ್ನೂರು ಮಂದಿ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕೇಳಿ ಅವನು ಕಂಡುಕೊಂಡುದು ಹೀಗಿದೆ: ಅತೃಪ್ತಿಯನ್ನು ಹುಟ್ಟಿಸುವ ಕಾರಣಗಳು ಬೇರೆ, ತೃಪ್ತಿಯನ್ನು ಹುಟ್ಟಿಸುವ ಕಾರಣಗಳು ಬೇರೆ. ಸಂಸ್ಥೆಯ ನಿಯಮ, ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸರ ಇವು ಕೆಟ್ಟಿದ್ದರೆ ಮನಸ್ಸು ಕುದಿಯುತ್ತದೆ. ಸರಿಯಾಗಿದ್ದರೆ ಕುದಿತ ನಿಲ್ಲುತ್ತದೆ, ಅಷ್ಟೆ. ಸಾಧನೆ, ಮನ್ನಣೆ, ಕೆಲಸದ ಸ್ವಂತ ಸ್ವಾರಸ್ಯ, ಹೊಣೆಗಾರಿಕೆ ಇವುಗಳಿಂದಲೇ ಸಂತೋಷವುಂಟಾಗುವುದು. ಜನರು ಒಳ್ಳೆಯದನ್ನು ತಮ್ಮ ಲೆಕ್ಕಕ್ಕೂ ಕೆಟ್ಟದ್ದನ್ನು ಇತರರ ಲೆಕ್ಕಕ್ಕೂ ಹಾಕುವುದು ವಾಡಿಕೆಯಾದುದರಿಂದ ಈ ವಿಭಾಗವು ಅವನು ಹೇಳಿದಷ್ಟು ಕಟ್ಟುನಿಟ್ಟಲ್ಲವೆಂಬ ಆಕ್ಷೇಪಣೆ ಆಗಲೇ ಬಂದಿತು. ಅದು ನ್ಯಾಯವಾದ ಆಕ್ಷೇಪಣೆ. ಆದರೂ ಬೇಸರವಿಲ್ಲದಿರುವುದೇ ಸಂತೋಷವಲ್ಲವೆಂಬ ಮೂಲಭೇದವು ನಿಲ್ಲುತ್ತದೆ.

ಆದುದರಿಂದ ತೃಪ್ತಿಗೆ ಬದಲಾಗಿ ‘ಕೃತಾರ್ಥತೆ’ ಎಂಬ ಮಾತನ್ನು ನಾವು ಸೂಚಿಸುತ್ತೇವೆ. ಮಾಡಬೇಕಾದುದನ್ನು ಮಾಡಿದೆ, ಅದು ಮುಟ್ಟಬೇಕಾದವರಿಗೆ ಮುಟ್ಟಿತು ಎಂಬ ಅರಿವು ಅದರಲ್ಲಿದೆ. ನಗುಮುಖದ ಮೇಲ್ವಿಚಾರಕಿಯ ಕೈಕೆಳಗೂ ಈ ಅರಿವು ಬಾರದಿರಬಹುದು. ಗಂಟುಮುಖದವಳ ಕೈಕೆಳಗೂ ಬಂದೀತು. ತನ್ನ ಹೊಣೆ ಯಾವುದೆಂದು ಗೊತ್ತಿರುವುದು, ಅದನ್ನು ನಿರ್ವಹಿಸಲು ಅಧಿಕಾರವಿರುವುದು, ಮಾಡಿದುದನ್ನು ಯಾರಾದರೂ ಕಂಡಿರುವುದು, ಈ ಮೂರೂ ಕೂಡಿದಲ್ಲಿ ಅದು ಬರುತ್ತದೆ. ಇವುಗಳಲ್ಲಿ ಮೊದಲನೆಯದು ನೈಟಿಂಗೇಲಳ ಅಧ್ಯಾಯದಲ್ಲಿ ಪೂರ್ಣವಾಗಿದೆ. ಉಳಿದೆರಡು ಅಲ್ಲಿ ಇವೆಯೇ ಎಂದು ಹುಡುಕಿದಾಗ ಗ್ರಂಥದ ಕೊರತೆ ಕಾಣಬರುತ್ತದೆ.

೫

ರೋಗಿಯ ವಿಷಯದಲ್ಲಿ ಆಕೆಯ ಸೂಕ್ಷ್ಮದೃಷ್ಟಿ ಅಪಾರವಾದುದು. ಮೈಯ ಆಯಾಸಕ್ಕಿಂತಲೂ ಅನಿಶ್ಚಯ, ಕಾಯುವಿಕೆ, ಏನು ಎರಗುವುದೋ ಎಂಬ ಅಳುಕು ಇವೇ ರೋಗಿಯನ್ನು ಹೆಚ್ಚು ಬಳಲಿಸುತ್ತವೆಂದು ಇದೇ ಅಧ್ಯಾಯದಲ್ಲಿ ಕಂಡುಹೇಳಿದ್ದಾಳೆ. ಇವೇ ಕೈಕೆಳಗಿನವಳನ್ನೂ ಬಳಲಿಸುತ್ತವೆಂಬುದು ಮಾತ್ರ ಆಕೆಗೆ ತೋರಲಿಲ್ಲ. ಅಧ್ಯಾಯದುದ್ದಕ್ಕೂ ಆಜ್ಞೆಯು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದು ಮಾತೂ ಏರುವುದಿಲ್ಲ. ಆ ಕಾಲದ ಮನೆಯ ಒಡತಿ, ಆಳು ಇವರ ಸಂಬಂಧವನ್ನೇ ಮಾದರಿಯಾಗಿಟ್ಟುಕೊಂಡುದರ ಫಲವಿದು. ಗ್ರಂಥವು ಶುಶ್ರೂಷಕಿಯರ ಪಠ್ಯವಲ್ಲ, ಮನೆಯಲ್ಲಿ ಇತರರ ಆರೋಗ್ಯವನ್ನು ನೋಡಿಕೊಳ್ಳುವ ಸ್ತ್ರೀಯರಿಗೆ ಕೊಟ್ಟ ಸೂಚನೆಗಳೆಂದು ಆಕೆಯೇ ಮುನ್ನುಡಿಯಲ್ಲಿ ಹೇಳಿರುವುದನ್ನು ನೆನೆದರೆ ಈ ದೋಷವು ಕ್ಷಮ್ಯವೆನಿಸುತ್ತದೆ. ಆದರೆ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನಿಧಿಯಿಂದ ಶಿಕ್ಷಣಶಾಲೆಯು ಸ್ಥಾಪಿತವಾಗಿ, ಮೇಟ್ರನ್ನಳಿಂದ ಹಿಡಿದು ಕಲಿಯುವ ಹುಡುಗಿಯವರೆಗೆ ಶ್ರೇಣಿಯಾಗಿ ಇಳಿಯುವ ಅಧಿಕಾರದ ಪದ್ಧತಿ ಹಬ್ಬಿದಾಗ, ಮನೆಯ ಮಾದರಿಯೂ ಅದರೊಡನೆ ಆಸ್ಪತ್ರೆಯನ್ನು ಹೊಕ್ಕಿತು.

ಅದರ ಪರಿಣಾಮವನ್ನು ಒಂದು ನೂರು ವರ್ಷಗಳ ತರುವಾಯ, ಅದೇ ಲಂಡನ್ ನಗರದಲ್ಲಿ, ಇಸಬೆಲ್ ಮೆಂಜೀಸ್ ಎಂಬಾಕೆ ಬರೆದಿಟ್ಟಳು. ಟ್ಯಾವಿಸ್ಟಾಕ್ ಸಂಸ್ಥೆಯಲ್ಲಿದ್ದ ಈಕೆ, ಹೆಸರು ಹೇಳದ ಒಂದು ಬೋಧನಾ ಆಸ್ಪತ್ರೆಯನ್ನು ಪರಿಶೀಲಿಸಿ ೧೯೬೦ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಷಯದ ವಾಙ್ಮಯದಲ್ಲಿ ರತ್ನಪ್ರಾಯವಾದುದೆಂದು ಹೇಳಲು ಸಂಕೋಚವಿಲ್ಲ. ನೋವು, ಸಾವುಗಳ ಸಾಮೀಪ್ಯದಿಂದ ಹುಟ್ಟುವ ಕಳವಳವನ್ನು ತಡೆಯಲು ಆಸ್ಪತ್ರೆಯು ತನಗರಿಯದಂತೆಯೇ ಕೆಲವು ಕೋಟೆಗಳನ್ನು ಕಟ್ಟಿಕೊಂಡಿತ್ತೆಂಬುದು ಆಕೆಯ ವಾದ. ಶುಶ್ರೂಷಕಿಗೆ ಒಬ್ಬ ರೋಗಿಯನ್ನು ಒಪ್ಪಿಸುವುದಿಲ್ಲ. ಅನೇಕ ರೋಗಿಗಳಿಗೆ ಮಾಡಬೇಕಾದ ಒಂದೆರಡು ಕೆಲಸಗಳ ಪಟ್ಟಿಯನ್ನು ಒಪ್ಪಿಸುತ್ತಾರೆ. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ರೋಗದ ಅಂಗದಿಂದಲೋ ಗುರುತಿಸುತ್ತಾರೆ. ತೀರ್ಮಾನ ಮಾಡಬೇಕಾದಲ್ಲೆಲ್ಲ ಒಬ್ಬರ ಮೇಲೊಬ್ಬರು ಪರಿಶೀಲಿಸುತ್ತಾರೆ. ಹೊಣೆಯು ಮೆಲ್ಲಮೆಲ್ಲನೆ ಮೇಲಕ್ಕೆ ಜಾರುತ್ತ ಹೋಗುತ್ತದೆ. ಮೇಲಿನವರು ಕೆಳಗಿನವರನ್ನು ಬೇಜವಾಬ್ದಾರಿಗಳೆಂದು ಬಗೆಯುತ್ತಾರೆ. ಕೆಳಗಿನವರಿಗೆ ಹಾಗಾಗದೆ ಬೇರೆ ದಾರಿಯೇ ಉಳಿಯುವುದಿಲ್ಲ. ಈ ಕೋಟೆಗಳಿಂದ ಕಳವಳವು ತಗ್ಗಲಿಲ್ಲ. ಕೃತಾರ್ಥತೆ ಮಾತ್ರ ತಗ್ಗಿತು. ಕಲಿಯಲು ಬಂದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಂದಿ ಶಿಕ್ಷಣವನ್ನು ಮುಗಿಸಲಿಲ್ಲ. ಅವರಲ್ಲಿ ಬಹುಮಂದಿ ತಾವಾಗಿಯೇ ಬಿಟ್ಟವರು.

ಈ ಚಿತ್ರವನ್ನು ನೈಟಿಂಗೇಲಳ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಬೇಕು. ಯಾರ ಗೈರುಹಾಜರಿಯಲ್ಲಿಯೂ ಕೆಲಸ ನಿಲ್ಲಬಾರದೆಂಬ ಆಕೆಯ ತತ್ತ್ವವು ಇಲ್ಲಿ ಅಕ್ಷರಶಃ ನೆರವೇರಿದೆ. ಯಾರು ಬಂದರೂ ಹೋದರೂ ಪಟ್ಟಿಯು ನಡೆಯುತ್ತದೆ. ಆದರೆ ಬುದ್ಧಿಪೂರ್ವಕ ವಿಧೇಯತೆಯಲ್ಲಿ ಬುದ್ಧಿಯು ಹೋಗಿ ವಿಧೇಯತೆಯೊಂದೇ ಉಳಿದಿದೆ. ಅಲ್ಲಿನ ಮೇಲ್ವಿಚಾರಕಿಯರು ಕ್ರೂರಿಗಳೆಂದು ಮೆಂಜೀಸ್ ಹೇಳುವುದಿಲ್ಲ. ಅವರೂ ಅದೇ ಕೋಟೆಯ ಸೆರೆಯಾಳುಗಳು. ವ್ಯಕ್ತಿಯ ಶೈಲಿಯನ್ನು ಮಾತ್ರ ತಿದ್ದಿದರೆ ಸಾಲದೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಡ. ಇದಕ್ಕೆ ಎದುರಾದ ನಿದರ್ಶನವೂ ಉಂಟು. ಶುಶ್ರೂಷಕಿಯರ ಅಭಾವವಿದ್ದ ಕಾಲದಲ್ಲಿಯೂ ಅವರನ್ನು ಸೆಳೆದು ಉಳಿಸಿಕೊಂಡಿದ್ದ ನಲವತ್ತೊಂದು ಆಸ್ಪತ್ರೆಗಳನ್ನು ಅಮೆರಿಕದ ಶುಶ್ರೂಷಾ ಅಕಾಡೆಮಿಯು ಆರಿಸಿ, ೧೯೮೩ರಲ್ಲಿ ಅವುಗಳ ವರದಿಯನ್ನು ಹೊರಡಿಸಿತು. ‘ಅಯಸ್ಕಾಂತ ಆಸ್ಪತ್ರೆ’ಗಳೆಂದು ಅವುಗಳಿಗೆ ಹೆಸರಾಯಿತು. ಮುಖ್ಯಸ್ಥೆಯರು ಕೈಗೆಟಕುವಂತಿದ್ದುದು, ತೀರ್ಮಾನಗಳು ವಾರ್ಡಿನ ಮಟ್ಟದಲ್ಲಿಯೇ ಆಗುತ್ತಿದ್ದುದು, ಶುಶ್ರೂಷಕಿಯರ ಮಾತಿಗೆ ಬೆಲೆಯಿದ್ದುದು ಅವುಗಳಲ್ಲಿ ಸಮಾನವಾಗಿ ಕಂಡ ಲಕ್ಷಣಗಳು.

ಇಲ್ಲಿ ನಮ್ಮ ಭಾಷೆಯೇ ಒಂದು ಬೆಳಕನ್ನು ತೋರಿಸುತ್ತದೆ. ಶುಶ್ರೂಷೆಯೆಂಬ ಶಬ್ದವು ‘ಶ್ರು’ ಧಾತುವಿನ ಸನ್ನಂತರೂಪದಿಂದ ಬಂದುದು. ಕೇಳಬೇಕೆಂಬ ಇಚ್ಛೆಯೆಂಬುದು ಅದರ ಮೊದಲ ಅರ್ಥ. ಸೇವೆ, ವಿಧೇಯತೆ ಎಂಬ ಅರ್ಥಗಳು ಅದರಿಂದ ಬೆಳೆದುವು. ಶಬ್ದವ್ಯುತ್ಪತ್ತಿಯಿಂದ ಲೋಕವ್ಯವಹಾರವನ್ನು ಸಾಧಿಸಲಾಗದೆಂಬುದನ್ನು ಬಲ್ಲೆವು. ಆದರೂ ರೋಗಿಯ ಮಾತನ್ನು ಕೇಳಬೇಕೆಂಬ ಇಚ್ಛೆಯನ್ನು ಶುಶ್ರೂಷಕಿಯಿಂದ ಅಪೇಕ್ಷಿಸುವ ಮೇಲ್ವಿಚಾರಕಿಯು ಅದೇ ಇಚ್ಛೆಯನ್ನು ಶುಶ್ರೂಷಕಿಯ ಕಡೆಗೆ ತೋರದಿದ್ದರೆ, ಆ ಗುಣವು ಮುಂದಕ್ಕೆ ಹರಿಯುವುದು ಹೇಗೆ? ಮೇಲ್ವಿಚಾರಣೆಯಲ್ಲಿಯೂ ‘ವಿಚಾರಣೆ’ಯಿದೆ, ಕೇಳಿ ತಿಳಿಯುವುದು ಅದರ ಅಂಗವೇ ಆಗಿದೆ.

೬

ಕೊನೆಯದಾಗಿ ಒಂದು ಮಿತಿಯನ್ನು ಹೇಳದೆ ಮುಗಿಸಿದರೆ ವಿಮರ್ಶೆಯು ಏಕದೇಶೀಯವಾದೀತು. ಲಿಂಡಾ ಏಕನ್ ಮತ್ತು ಆಕೆಯ ಸಹೋದ್ಯೋಗಿಗಳು ಪೆನ್ಸಿಲ್ವೇನಿಯ ಪ್ರಾಂತದ ೧೬೮ ಆಸ್ಪತ್ರೆಗಳಲ್ಲಿ ೧೦,೧೮೪ ಶುಶ್ರೂಷಕಿಯರಿಂದ ಉತ್ತರ ಪಡೆದು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆಯ ಅತೃಪ್ತಿಯ ಸಂಭವವು ನೂರಕ್ಕೆ ೧೫ರಷ್ಟೂ, ಮನಸ್ಸು ಬತ್ತಿಹೋಗುವ ಸಂಭವವು ನೂರಕ್ಕೆ ೨೩ರಷ್ಟೂ ಏರುತ್ತದೆ. ಶಸ್ತ್ರಚಿಕಿತ್ಸೆಯಾದ ರೋಗಿಯು ಮೂವತ್ತು ದಿನಗಳೊಳಗೆ ಸಾಯುವ ಸಂಭವವೂ ನೂರಕ್ಕೆ ೭ರಷ್ಟು ಏರುತ್ತದೆ. ನಾಲ್ವರಿಗೆ ಸಾಲುವ ಕೈಗಳನ್ನು ಎಂಟು ಮಂದಿಗೆ ಹಂಚಿದ ಮೇಲೆ, ಮೇಲ್ವಿಚಾರಕಿಯು ಯಾವ ಶೈಲಿಯವಳಾದರೇನು? ಕೊರತೆಯನ್ನು ಸವಿಮಾತಿನಿಂದ ಮುಚ್ಚಲು ನಾಯಕತ್ವದ ವಿದ್ಯೆಯನ್ನು ಬಳಸಿಕೊಂಡರೆ ಅದು ವಿದ್ಯೆಗೂ ಅಪಚಾರ, ಶುಶ್ರೂಷಕಿಯರಿಗೂ ಅಪಚಾರ. ಮೇಲಿನವರಿಗೆ ಇಂಥ ಲೆಕ್ಕವನ್ನು ಅಂಜದೆ ಒಪ್ಪಿಸುವುದೂ ಮೇಲ್ವಿಚಾರಕಿಯ ಧರ್ಮದಲ್ಲಿ ಸೇರಿದುದು.

ಇಷ್ಟರಿಂದ ನಾವು ಮುಟ್ಟುವ ನಿರ್ಣಯವಿದು. ಮೇಲ್ವಿಚಾರಣೆಯಲ್ಲಿ ಒಂದು ರೀತಿ ಉತ್ತಮ, ಇನ್ನೊಂದು ಅಧಮ ಎಂಬ ವಿಭಾಗಕ್ಕಿಂತ ಸ್ಥಳ, ಕಾಲ, ವ್ಯಕ್ತಿಗಳ ಔಚಿತ್ಯವೇ ಪ್ರಧಾನವಾದುದು. ತಾನಿಲ್ಲದಾಗ ಕೆಲಸ ಹೇಗೆ ನಡೆಯುತ್ತದೆಂಬ ನೈಟಿಂಗೇಲಳ ಪರೀಕ್ಷೆಯು ಇಂದಿಗೂ ಸತ್ತ್ವಯುತವಾಗಿದೆ. ಆದರೆ ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ತಾನಿಲ್ಲದಾಗ ಕೆಲಸಮಾಡಿದವಳು ಅದನ್ನು ತನ್ನ ಕೆಲಸವೆಂದು ಮಾಡಿದಳೇ, ಪಟ್ಟಿಯ ಕೆಲಸವೆಂದು ಮಾಡಿದಳೇ? ಮೊದಲನೆಯ ಪರೀಕ್ಷೆಯಲ್ಲಿ ಗೆದ್ದು ಎರಡನೆಯದರಲ್ಲಿ ಸೋತ ಆಸ್ಪತ್ರೆಯನ್ನು ಮೆಂಜೀಸ್ ನಮಗೆ ತೋರಿಸಿದ್ದಾಳೆ. ಎರಡರಲ್ಲಿಯೂ ಗೆಲ್ಲುವ ಮೇಲ್ವಿಚಾರಕಿಯು ಪಾಳಿ ಮುಗಿಸಿ ಮನೆಗೆ ಹೋದ ಮೇಲೂ, ವಾರ್ಡಿನಲ್ಲಿ ದೀಪದ ಬಳಿ ಕುಳಿತ ಕಿರಿಯಳೊಬ್ಬಳು ರೋಗಿಯ ಮಾತನ್ನು ಕಿವಿಗೊಟ್ಟು ಕೇಳುತ್ತಿರುತ್ತಾಳೆ.